ದೀಪ ಮಿಣುಕಿದರೆ ಬಲ್ಬನ್ನೇ ಏಕೆ ಬಯ್ಯಬೇಕು?

ಪ್ರಶ್ನೆ: ಸಾಗರ ತಾಲ್ಲೂಕಿನಲ್ಲಿ ತೋಟದ ನಡುವೆ ನಮ್ಮದೊಂದು ಹಳೆಯ ಮನೆ. ಹಿತ್ತಿಲಿನಿಂದ ಕೊಟ್ಟಿಗೆಗೆ ಹೋಗುವ ದಾರಿಯಲ್ಲಿ 9 ವಾಟ್‌ನ ಮೂರು ಎಲ್‌ಇಡಿ ಬಲ್ಬುಗಳಿವೆ. ಹಿತ್ತಿಲ ಬಾಗಿಲ ಹೊರಗಿದ್ದ ಸ್ವಿಚ್ಚನ್ನು ತೆಗೆದು ಆ ಜಾಗದಲ್ಲಿಯೇ, ಯಾರಾದರೂ ಓಡಾಡಿದರೆ ಅವುಗಳನ್ನು ಹತ್ತಿಸುವ ಸೆನ್ಸರ್ ಕೂರಿಸಿದ್ದೇವೆ. ಗೇಟಿನ ಬಳಿ 50 ವಾಟ್‌ನ ಫ್ಲಡ್‌ಲೈಟ್ ಇದೆ. ಅದರ ಸೆನ್ಸರ್ ಬೇರೆ, ಹಾಕಿ ನಾಲ್ಕು ವರ್ಷವಾಯಿತು. ಕೊಟ್ಟಿಗೆ ದಾರಿಯ ಬಲ್ಬುಗಳು ಯಾರೂ ಓಡಾಡದಿದ್ದಾಗಲೂ ಎರಡು ಮೂರು ಸೆಕೆಂಡಿಗೊಮ್ಮೆ ಮಿಣುಕ್ ಎನ್ನುತ್ತವೆ. ಗೇಟಿನ ದೀಪ ಕೆಲವು ದಿನ ಹತ್ತಿ ಆರಿ, ಹತ್ತಿ ಆರಿ ಮಾಡುತ್ತದೆ. ಸಂಜೆ ಏಳರ ಹೊತ್ತಿಗಂತೂ ಅದರ ಸೆನ್ಸರಿನೊಳಗೆ ಟಕಟಕ ಸದ್ದು. ಬಲ್ಬುಗಳನ್ನು ಎರಡು ಸಲ, ಹಿತ್ತಿಲ ಸೆನ್ಸರನ್ನು ಒಂದು ಸಲ ಬದಲಾಯಿಸಿದ್ದಾಯಿತು. ಅಮ್ಮ ರಾತ್ರಿ ಕೊಟ್ಟಿಗೆಗೆ ಹೋಗಲು ಹಿಂಜರಿಯುತ್ತಾರೆ. ದೋಷ ಎಲ್ಲಿದೆ?

ಉತ್ತರ: ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಬೆಲೆಯುಳ್ಳದ್ದಾಗಿ ಕಂಡ ಮಾತು ‘ಎರಡು ಮೂರು ಸೆಕೆಂಡಿಗೊಮ್ಮೆ’ ಎಂಬುದು. ಬಲ್ಬು ಯಾವ ಕಂಪನಿಯದು, ಎಷ್ಟು ಕೊಟ್ಟಿರಿ ಎಂದು ಬರೆಯುವವರು ಬಹಳ. ಎಷ್ಟು ಹೊತ್ತಿಗೊಮ್ಮೆ ಮಿಣುಕುತ್ತದೆ ಎಂದು ಎಣಿಸಿ ಬರೆಯುವವರು ಅಪರೂಪ. ದೀಪ ಆರಿರಬೇಕಾದಾಗ ಮಿಣುಕುತ್ತದೆಯೋ ಹತ್ತಿರಬೇಕಾದಾಗಲೋ, ಎಷ್ಟು ಅಂತರದಲ್ಲಿ, ಯಾವ ಹೊತ್ತಿನಲ್ಲಿ ಎಂಬುದು ಗೊತ್ತಾದರೆ ರೋಗದ ಅರ್ಧ ಕುಲಗೋತ್ರ ತಿಳಿದಂತೆ. ಆ ಲೆಕ್ಕದಲ್ಲಿ ನಿಮ್ಮ ಮನೆಯಲ್ಲಿರುವುದು ಒಂದು ದೋಷವಲ್ಲ, ಮೂರು. ಮೂರರಲ್ಲಿಯೂ ಬಲ್ಬು ನಿರಪರಾಧಿ. ಎರಡು ಸಲ ಬದಲಾಯಿಸಿ ತೆಗೆದಿಟ್ಟ ಬಲ್ಬುಗಳನ್ನು ಎಸೆಯದೆ ಇದ್ದರೆ ಒಳಗಿನ ಕೋಣೆಗಳಿಗೆ ಹಾಕಿಕೊಳ್ಳಿ, ಚೆನ್ನಾಗಿಯೇ ಉರಿಯುತ್ತವೆ.

ಕೊಟ್ಟಿಗೆ ದಾರಿಯಿಂದಲೇ ಹೊರಡೋಣ. ಸ್ವಿಚ್ ತೆಗೆದ ಜಾಗದಲ್ಲಿ ಸೆನ್ಸರ್ ಕೂರಿಸಿದ್ದೇವೆ ಎಂದಿರಿ. ಹಳೆಯ ಮನೆಗಳ ಸ್ವಿಚ್ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಇರುವುದು ಎರಡೇ ತಂತಿ: ಒಳಬರುವ ಫೇಸ್, ಬಲ್ಬಿಗೆ ಹೋಗುವ ಫೇಸ್. ನ್ಯೂಟ್ರಲ್ ಅಲ್ಲಿಗೆ ಬರುವುದಿಲ್ಲ, ಅದು ನೇರವಾಗಿ ಹೋಲ್ಡರಿಗೆ ಹೋಗಿರುತ್ತದೆ. ಹಾಗಾಗಿ ನಿಮಗೆ ಸಿಕ್ಕಿರುವುದು ಎರಡು ತಂತಿಯ ಸೆನ್ಸರ್. ಈಗ ಯೋಚಿಸಿ. ಸೆನ್ಸರ್ ಎಂದರೆ ಬರೀ ಸ್ವಿಚ್ಚಲ್ಲ, ರಾತ್ರಿಯಿಡೀ ಎಚ್ಚರವಾಗಿರಬೇಕಾದ ಕಾವಲುಗಾರ. ಕಾವಲುಗಾರನಿಗೆ ಊಟ ಬೇಕು. ನ್ಯೂಟ್ರಲ್ ಇಲ್ಲದ ಕಡೆ ಅವನು ಊಟಕ್ಕೆ ಕೈಹಾಕುವುದು ಬಲ್ಬಿಗೇ. ದೀಪ ಆರಿದೆ ಎಂದು ನೀವು ಅಂದುಕೊಂಡ ಹೊತ್ತಿನಲ್ಲಿಯೂ ಸೆನ್ಸರ್ ತನ್ನ ಹೊಟ್ಟೆಪಾಡಿಗೆ ಬಲ್ಬುಗಳ ಮೂಲಕ ಒಂದಿಷ್ಟು ಕರೆಂಟನ್ನು ಹರಿಸಿಕೊಳ್ಳುತ್ತಲೇ ಇರುತ್ತದೆ.

ಹಳೆಯ ಬುರುಡೆ ಬಲ್ಬಿನ ಕಾಲದಲ್ಲಿ ಇದು ಯಾರಿಗೂ ಗೊತ್ತಾಗುತ್ತಿರಲಿಲ್ಲ. 60 ವಾಟ್‌ನ ಬಲ್ಬಿನ ತಂತು ಉರಿಯಬೇಕಾದರೆ ಕಾಲು ಆಂಪಿಯರ್‌ನಷ್ಟು ಕರೆಂಟು ಬೇಕು. ಒಂದು ಮಿಲಿಆಂಪಿಯರ್ ಅದರೊಳಗೆ ನುಸುಳಿ ಹೋದರೆ ತಂತು ಬೆಚ್ಚಗೂ ಆಗದು. ಎಲ್‌ಇಡಿ ಬಲ್ಬಿನ ಸ್ವಭಾವ ಬೇರೆ. ಅದರ ಒಳಗೆ ಮೊದಲು ಕರೆಂಟನ್ನು ಒಂದೇ ದಿಕ್ಕಿಗೆ ಹರಿಸುವ ರೆಕ್ಟಿಫೈಯರ್, ಆಮೇಲೆ ಅದನ್ನು ಕೂಡಿಡುವ ಕೆಪಾಸಿಟರ್ ಇರುತ್ತದೆ. ಫ್ಯಾನಿಗೆ ಹಾಕುವ ಕಂಡೆನ್ಸರ್ ನೋಡಿದ್ದೀರಲ್ಲ, ಅದರ ಚಿಕ್ಕ ತಮ್ಮ. ನುಸುಳಿ ಬಂದ ಕರೆಂಟು ಈ ಕೆಪಾಸಿಟರಿನಲ್ಲಿ ಸೇರುತ್ತ ಹೋಗುತ್ತದೆ. ಹನಿ ಹನಿ ಕೂಡಿದರೆ ಹಳ್ಳ. ವೋಲ್ಟೇಜು ಏರಿ ಏರಿ ಬಲ್ಬಿನ ಡ್ರೈವರ್, ಅಂದರೆ ಅದಕ್ಕೆ ಹದವಾಗಿ ಕರೆಂಟು ಕೊಡುವ ಸರ್ಕ್ಯೂಟ್, ಎಚ್ಚರಗೊಳ್ಳುವ ಮಟ್ಟ ಮುಟ್ಟಿದ ಕೂಡಲೇ ಅದು ಬಲ್ಬನ್ನು ಹೊತ್ತಿಸುತ್ತದೆ. ಕೂಡಿಟ್ಟದ್ದು ಒಂದೇ ಗುಟುಕಿಗೆ ಖಾಲಿ. ಬಲ್ಬು ಆರುತ್ತದೆ, ಮತ್ತೆ ಮೊದಲಿನಿಂದ ತುಂಬಿಸಿಕೊಳ್ಳುವ ಕೆಲಸ.

ಇದನ್ನು ಲೆಕ್ಕ ಹಾಕಿಯೂ ನೋಡಬಹುದು. ಬಲ್ಬಿನೊಳಗೆ 4.7 ಮೈಕ್ರೊಫ್ಯಾರಡ್‌ನ ಕೆಪಾಸಿಟರ್ ಇದೆ, ಸೆನ್ಸರ್ ಹರಿಸಿಕೊಳ್ಳುವ ಕರೆಂಟು ಅರ್ಧ ಮಿಲಿಆಂಪಿಯರ್ ಎಂದಿಟ್ಟುಕೊಳ್ಳಿ. ಮೂರು ಬಲ್ಬುಗಳಿಗೆ ಹಂಚಿದರೆ ಒಂದೊಂದಕ್ಕೆ 0.17 ಮಿಲಿಆಂಪಿಯರ್ ಸಿಗುತ್ತದೆ. ಡ್ರೈವರ್ 100 ವೋಲ್ಟಿಗೆ ಎಚ್ಚರಗೊಳ್ಳುವುದಾದರೆ ಅಷ್ಟು ತುಂಬಲು ಹಿಡಿಯುವ ಸಮಯ ಸುಮಾರು 2.8 ಸೆಕೆಂಡು. ನೀವು ಎಣಿಸಿದ್ದು ಎರಡು ಮೂರು ಸೆಕೆಂಡು. ಬಿಡಿಭಾಗಗಳ ಅಳತೆ ಬಲ್ಬಿನಿಂದ ಬಲ್ಬಿಗೆ ಬೇರೆಯಾಗುವುದರಿಂದ ಈ ಅಂಕಿಗಳನ್ನು ವೇದವಾಕ್ಯವೆಂದು ಹಿಡಿಯಬೇಡಿ. ಆದರೆ ಸೆಕೆಂಡುಗಳ ಅಂತರದಲ್ಲಿ, ಗಡಿಯಾರ ಹಿಡಿದಂತೆ, ಆರಿರಬೇಕಾದಾಗ ಮಿಣುಕುವ ಎಲ್‌ಇಡಿ ಬಲ್ಬನ್ನು ಕಂಡರೆ ಕರೆಂಟು ಎಲ್ಲಿಂದಲೋ ನುಸುಳುತ್ತಿದೆ ಎಂದು ಕಣ್ಣು ಮುಚ್ಚಿ ಹೇಳಬಹುದು. ಬಲ್ಬು ಬದಲಾಯಿಸಿದರೆ ಅಂತರ ಬದಲಾದೀತು, ಮಿಣುಕುವುದು ನಿಲ್ಲದು. ಅದೇ ಎರಡು ತಂತಿಯ ಮಾದರಿಯ ಇನ್ನೊಂದು ಸೆನ್ಸರ್ ತಂದರೂ ಅಷ್ಟೇ.

ಆದರೆ ಸೆನ್ಸರಿನ ಮೇಲೆ ತೀರ್ಪು ಬರೆಯುವ ಮೊದಲು ಇನ್ನಿಬ್ಬರು ಶಂಕಿತರನ್ನು ವಿಚಾರಿಸಬೇಕು. ಮೇನ್ ಆರಿಸಿ, ವೈರ್‌ಮನ್ ಕೈಯಿಂದ ಸೆನ್ಸರಿನ ಎರಡೂ ತಂತಿಗಳನ್ನು ಬಿಚ್ಚಿಸಿ, ತುದಿಗಳಿಗೆ ಬೇರೆ ಬೇರೆಯಾಗಿ ಇನ್ಸುಲೇಷನ್ ಟೇಪ್ ಸುತ್ತಿಸಿ, ಮತ್ತೆ ಮೇನ್ ಹಾಕಿ ಕತ್ತಲಲ್ಲಿ ನೋಡಿ. ಬಲ್ಬುಗಳು ಸುಮ್ಮನಾದರೆ ಕಳ್ಳ ಸಿಕ್ಕಿದ. ಸೆನ್ಸರ್ ಇಲ್ಲದೆಯೂ ಮಿಣುಕಿದರೆ ಅಥವಾ ಮಂದವಾಗಿ ಮಿನುಗುತ್ತಿದ್ದರೆ ದೋಷ ತಂತಿಯ ದಾರಿಯಲ್ಲಿದೆ.

ಮೊದಲ ಶಂಕಿತ, ಅದಲು ಬದಲಾದ ಫೇಸ್ ಮತ್ತು ನ್ಯೂಟ್ರಲ್. ಹಿಂದಿನವರು ಕೈಗೆ ಸಿಕ್ಕ ಬಣ್ಣದ ತಂತಿ ಎಳೆದು ಸ್ವಿಚ್ಚನ್ನು ನ್ಯೂಟ್ರಲ್‌ನಲ್ಲಿ ಹಾಕಿಬಿಟ್ಟಿದ್ದರೆ, ಸ್ವಿಚ್ ಆರಿಸಿದರೂ ಹೋಲ್ಡರಿನಲ್ಲಿ ಫೇಸ್ ಕುಳಿತೇ ಇರುತ್ತದೆ. ಬಲ್ಬು ಮಿಣುಕುವುದು ಇದರ ಸಣ್ಣ ತೊಂದರೆ. ‘ಸ್ವಿಚ್ ಆರಿಸಿದ್ದೇನೆ’ ಎಂಬ ಧೈರ್ಯದಲ್ಲಿ ಬಲ್ಬು ತೆಗೆಯಲು ಒದ್ದೆ ಕೈ ಹಾಕಿದವರಿಗೆ ಪ್ರಾಣಾಪಾಯ, ಅದು ದೊಡ್ಡ ತೊಂದರೆ. ಹಳೆಯ ವೈರಿಂಗ್ ಇರುವ ತೋಟದ ಮನೆಗಳಲ್ಲಿ ನಾನು ಇದನ್ನು ಕಂಡಷ್ಟು ಬೇರೆ ಯಾವ ತಪ್ಪನ್ನೂ ಕಂಡಿಲ್ಲ.

ಎರಡನೆಯದು ಉದ್ದದ ತಂತಿ. ನಿಮ್ಮ ಕೊಟ್ಟಿಗೆಗೂ ಮನೆಗೂ 30 ಮೀಟರ್ ದೂರವಿದ್ದು, ಬಲ್ಬಿನ ತಂತಿ ಅಷ್ಟುದ್ದಕ್ಕೂ ಸದಾ ಕರೆಂಟಿರುವ ಇನ್ನೊಂದು ತಂತಿಯ ಪಕ್ಕದಲ್ಲಿ ಒಂದೇ ಪೈಪಿನೊಳಗೆ ಹೋಗಿದ್ದರೆ, ಎರಡೂ ಸೇರಿ ತಾವೇ ಒಂದು ಕೆಪಾಸಿಟರ್ ಆಗುತ್ತವೆ. ಮೀಟರಿಗೆ ಸುಮಾರು 100 ಪಿಕೊಫ್ಯಾರಡ್ ಎಂದು ಹಿಡಿದರೆ 230 ವೋಲ್ಟ್, 50 ಹರ್ಟ್ಸ್‌ನ ನಮ್ಮ ಲೈನಿನಲ್ಲಿ ಅದರ ಮೂಲಕ 0.2 ಮಿಲಿಆಂಪಿಯರ್‌ನಷ್ಟು ಕರೆಂಟು ದಾಟುತ್ತದೆ. ತಂತಿ ತಂತಿಯನ್ನು ಮುಟ್ಟಬೇಕಾಗಿಯೇ ಇಲ್ಲ. ಒಳ್ಳೆಯ ಎಲ್‌ಇಡಿ ಬಲ್ಬು ಇಷ್ಟಕ್ಕೇ ಮಂಕಾಗಿ ಹೊಳೆಯುತ್ತದೆ. ಇಲ್ಲಿ ಟೆಸ್ಟರನ್ನು ನಂಬಬೇಡಿ. ಅದರ ನಿಯಾನ್ ದೀಪ ಇಂಥ ನೆರಳಿನ ವೋಲ್ಟೇಜಿಗೂ ಹತ್ತುತ್ತದೆ. ಡಿಜಿಟಲ್ ಮೀಟರ್ ಕೂಡ 80, 90 ಎಂದು ಸುಳ್ಳು ಸಾಕ್ಷಿ ಹೇಳುತ್ತದೆ. ವೈರ್‌ಮನ್‌ಗಳ ಬಳಿ ಇರುವ ಟೆಸ್ಟ್ ಲ್ಯಾಂಪ್, ಅಂದರೆ ಹೋಲ್ಡರಿಗೆ ಎರಡು ತಂತಿ ಕಟ್ಟಿದ ಬುರುಡೆ ಬಲ್ಬು, ಸತ್ಯ ಹೇಳುತ್ತದೆ. ನಿಜವಾದ ಫೇಸ್ ಇದ್ದರೆ ಉರಿಯುತ್ತದೆ, ನೆರಳಾಗಿದ್ದರೆ ಉರಿಯುವುದಿಲ್ಲ. ಹಾಗೆಯೇ ದಾರಿಯಲ್ಲಿ ಎಲ್ಲಾದರೂ ಕೆಂಪು ಇಂಡಿಕೇಟರ್ ಇರುವ ಸ್ವಿಚ್ ಇದ್ದರೆ ಅದನ್ನೂ ಗಮನಿಸಿ. ಆ ಪುಟ್ಟ ದೀಪ ಸ್ವಿಚ್ಚಿನ ಎರಡು ಕಡೆಗೆ ಸೇತುವೆಯಾಗಿದ್ದರೆ ಅದೂ ಕರೆಂಟನ್ನು ನುಸುಳಿಸುತ್ತದೆ.

ನಿಮ್ಮ ವಿಷಯದಲ್ಲಿ ಇವೆಲ್ಲ ಇಲ್ಲ, ಸೆನ್ಸರೇ ಕಾರಣ ಎಂದು ನಾನು ಪಣ ಕಟ್ಟಬಲ್ಲೆ. ಹಾಗಾದರೆ ಪರಿಹಾರ? ಅಂಗಡಿಯವರು ಹೇಳುವುದು, ಬಲ್ಬಿಗೆ ಅಡ್ಡಲಾಗಿ ಒಂದು ಕೆಪಾಸಿಟರ್ ಹಾಕಿ ಎಂದು. ತಪ್ಪಲ್ಲ. ನುಸುಳುವ ಕರೆಂಟಿಗೆ ಬಲ್ಬನ್ನು ಬಿಟ್ಟು ಇನ್ನೊಂದು ಸುಲಭದ ದಾರಿ ಸಿಗುತ್ತದೆ, ಬಲ್ಬಿನ ಹೊಟ್ಟೆ ತುಂಬುವುದಿಲ್ಲ. ಆದರೆ ಅದು 0.1 ಮೈಕ್ರೊಫ್ಯಾರಡ್‌ನ, 275 ವೋಲ್ಟ್ ಎಸಿ ಎಂದು ಬರೆದಿರುವ, ಎಕ್ಸ್2 ದರ್ಜೆಯದಾಗಿರಬೇಕು. ಜೊತೆಗೆ ಸುಮಾರು 100 ಓಮ್‌ನ ರೆಸಿಸ್ಟರ್ ಸರಣಿಯಲ್ಲಿರಬೇಕು. ಎರಡೂ ಸೇರಿಸಿ ಒಂದೇ ಪೆಟ್ಟಿಗೆಯಲ್ಲಿ ಮಾಡಿದ್ದು ಸಿದ್ಧವಾಗಿಯೇ ಸಿಗುತ್ತದೆ. ಪರಿಚಿತರೊಬ್ಬರು ಕೈಗೆ ಸಿಕ್ಕ ಫ್ಯಾನಿನ 2.5 ಮೈಕ್ರೊಫ್ಯಾರಡ್ ಕಂಡೆನ್ಸರನ್ನೇ ಕಟ್ಟಿಬಿಟ್ಟಿದ್ದರು. ಮಿಣುಕುವುದು ನಿಂತಿತು, ಎರಡನೆಯ ವಾರಕ್ಕೆ ಸೆನ್ಸರಿನೊಳಗಿನ ಎಲೆಕ್ಟ್ರಾನಿಕ್ ಸ್ವಿಚ್ಚಾದ ಟ್ರಯಾಕ್ ಸುಟ್ಟು ದೀಪ ಹಗಲು ರಾತ್ರಿ ಉರಿಯತೊಡಗಿತು. ಖಾಲಿ ಕೆಪಾಸಿಟರಿಗೆ ಒಮ್ಮೆಲೇ ಫೇಸ್ ಕೊಟ್ಟರೆ ಆ ಕ್ಷಣಕ್ಕೆ ಅದು ಬರೀ ಶಾರ್ಟ್ ಇದ್ದ ಹಾಗೆ. ದಿನಕ್ಕೆ ಹತ್ತಾರು ಸಲ ಆ ಪೆಟ್ಟು ತಿಂದರೆ ಟ್ರಯಾಕ್ ಎಷ್ಟು ದಿನ ಬಾಳೀತು?

ನಿಮಗೆ ನಾನು ಕೆಪಾಸಿಟರಿನ ದಾರಿಯನ್ನು ಹೇಳುವುದಿಲ್ಲ. ಎರಡು ತಂತಿಯ ಸೆನ್ಸರುಗಳಿಗೆ ಇಷ್ಟಾದರೂ ಲೋಡ್, ಅಂದರೆ ದೀಪಗಳ ಒಟ್ಟು ವಾಟ್, ಇರಬೇಕು ಎಂಬ ಕಟ್ಟಳೆ ಇರುತ್ತದೆ. ಸಾಮಾನ್ಯವಾಗಿ 25, 40, ಕೆಲವಕ್ಕೆ 60 ವಾಟ್. ನಿಮ್ಮ ಮೂರು ಬಲ್ಬು ಸೇರಿದರೆ 27 ವಾಟ್. ಗಡಿಯ ಮೇಲೆ ನಿಂತಿದ್ದೀರಿ. ಅದಕ್ಕಿಂತ ಇದನ್ನು ಮಾಡಿ: ಮೂರು ತಂತಿಯ, ರಿಲೇ (ಕರೆಂಟಿನ ಸುರುಳಿ ಎಳೆದು ಹಾಕುವ ಸ್ವಿಚ್) ಇರುವ ಸೆನ್ಸರ್ ತನ್ನಿ. ಫೇಸ್, ನ್ಯೂಟ್ರಲ್, ಲೋಡ್ ಎಂದು ಮೂರು ತಂತಿಗಳಿರುತ್ತವೆ. ಊಟಕ್ಕೆ ಸ್ವಂತ ನ್ಯೂಟ್ರಲ್ ಇರುವುದರಿಂದ ಬಲ್ಬಿನ ತಟ್ಟೆಗೆ ಅದು ಕೈ ಹಾಕುವುದಿಲ್ಲ. ಸ್ವಿಚ್ ಪೆಟ್ಟಿಗೆಯಲ್ಲಿ ನ್ಯೂಟ್ರಲ್ ಇಲ್ಲವಲ್ಲ ಎನ್ನುತ್ತೀರಿ. ಗೋಡೆ ಒಡೆಯುವುದು ಬೇಡ. ನ್ಯೂಟ್ರಲ್ ಎಲ್ಲಿದೆಯೋ ಸೆನ್ಸರನ್ನೇ ಅಲ್ಲಿಗೆ ಕರೆದೊಯ್ಯಿರಿ. ದಾರಿಯ ಮೊದಲನೆಯ ಬಲ್ಬಿನ ಬಳಿ ಫೇಸೂ ಇದೆ, ನ್ಯೂಟ್ರಲ್ಲೂ ಇದೆ. ಸೆನ್ಸರ್ ಅಲ್ಲಿ ಬರಲಿ, ಮೂರು ಬಲ್ಬುಗಳೂ ಅದರ ಲೋಡ್ ತಂತಿಯಿಂದ ಹೊರಡಲಿ. ಬಾಗಿಲ ಬಳಿ ಮೊದಲಿನ ಸ್ವಿಚ್ಚನ್ನೇ ಮತ್ತೆ ಹಾಕಿ ಸದಾ ಆನ್ ಇಟ್ಟರಾಯಿತು. ಹಬ್ಬ ಹರಿದಿನಕ್ಕೆ ಸೆನ್ಸರ್ ಬೇಡವೆನಿಸಿದರೆ ಆರಿಸಲು ಒಂದು ಸ್ವಿಚ್ಚೂ ಉಳಿಯುತ್ತದೆ. ಒಂದು ಎಚ್ಚರಿಕೆ: ಸೆನ್ಸರಿನ ಮುಖ ಕೊಟ್ಟಿಗೆಯ ಒಳಗಿನ ದನಗಳ ಕಡೆಗೆ ಇರದಂತೆ ನೋಡಿಕೊಳ್ಳಿ. ಪಿಐಆರ್ ಸೆನ್ಸರ್ ನೋಡುವುದು ಮೈಯ ಬಿಸಿಯನ್ನು, ಸುಮಾರು 10 ಮೈಕ್ರೊಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಅವಕೆಂಪು (ಇನ್‌ಫ್ರಾರೆಡ್) ಕಿರಣವನ್ನು. ಆ ಬಿಸಿ ಮನುಷ್ಯನದೋ ಹಸುವಿನದೋ ಎಂದು ಅದು ಕೇಳುವುದಿಲ್ಲ. ಹಸು ಬಾಲ ಬೀಸಿದಾಗಲೆಲ್ಲ ದೀಪ ಹತ್ತುತ್ತದೆ.

ಇನ್ನು ಗೇಟಿನ ದೀಪ. ಇಲ್ಲಿ ಎರಡು ಬೇರೆ ಬೇರೆ ಲಕ್ಷಣಗಳನ್ನು ನೀವು ಒಂದೇ ಸಾಲಿನಲ್ಲಿ ಬರೆದಿದ್ದೀರಿ. ಹತ್ತಿ ಆರಿ ಹತ್ತಿ ಆರಿ ಎಂಬುದರ ಅಂತರ ಸೆನ್ಸರಿನ ‘ಟೈಮ್’ ತಿರುಪಿನಲ್ಲಿಟ್ಟ ಸಮಯಕ್ಕೆ ಹೊಂದುತ್ತದೆಯೇ ನೋಡಿ. ಹೊಂದಿದರೆ, ಅಥವಾ ಹತ್ತಿದ ಒಂದೆರಡು ಸೆಕೆಂಡಿಗೇ ಆರುತ್ತಿದ್ದರೆ, ದೀಪ ತನ್ನ ಸೆನ್ಸರನ್ನು ತಾನೇ ಮೋಸಗೊಳಿಸುತ್ತಿದೆ. ಸೆನ್ಸರಿನೊಳಗೆ ಹಗಲು ರಾತ್ರಿ ತಿಳಿಯಲು ಒಂದು ಬೆಳಕಿನ ಕಣ್ಣಿದೆ. ಫ್ಲಡ್‌ಲೈಟಿನ ಬೆಳಕು ನೇರವಾಗಿ, ಇಲ್ಲವೇ ಸುಣ್ಣ ಬಳಿದ ಕಾಂಪೌಂಡ್ ಗೋಡೆಗೆ ಬಡಿದು ಅದರ ಮೇಲೆ ಬಿದ್ದರೆ ‘ಬೆಳಗಾಯಿತು’ ಎಂದು ಸೆನ್ಸರ್ ದೀಪ ಆರಿಸುತ್ತದೆ. ಆರಿದ ಮೇಲೆ ಮತ್ತೆ ಕತ್ತಲು, ಮತ್ತೆ ದೀಪ. ಒಳ್ಳೆಯ ಸೆನ್ಸರುಗಳು ದೀಪ ಹತ್ತಿರುವಾಗ ಆ ಕಣ್ಣನ್ನು ಮುಚ್ಚಿಕೊಳ್ಳುತ್ತವೆ, ಅಗ್ಗದವು ಮುಚ್ಚಿಕೊಳ್ಳುವುದಿಲ್ಲ. ಬೆಳಕಿನ ಜೊತೆಗೆ ಬಿಸಿಯ ಮೋಸವೂ ಉಂಟು. 50 ವಾಟ್‌ನ ಫ್ಲಡ್‌ಲೈಟಿನ ಅಲ್ಯೂಮಿನಿಯಂ ಬೆನ್ನು ಚೆನ್ನಾಗಿಯೇ ಕಾಯುತ್ತದೆ. ಸೆನ್ಸರಿನ ದೃಷ್ಟಿಯೊಳಗೆ ಅದು ಬಿದ್ದು, ಕಾದ ಗಾಳಿ ಅತ್ತಿತ್ತ ಅಲುಗಿದರೆ ಸೆನ್ಸರಿಗೆ ಯಾರೋ ನಡೆದು ಹೋದ ಹಾಗೆ ಕಾಣುತ್ತದೆ.

ಪರೀಕ್ಷೆ ಸುಲಭ. ‘ಲಕ್ಸ್’ ತಿರುಪನ್ನು ಸೂರ್ಯನ ಚಿತ್ರವಿರುವ ತುದಿಗೆ ತಿರುಗಿಸಿ. ಆಗ ಸೆನ್ಸರ್ ಹಗಲಲ್ಲಿಯೂ ಕೆಲಸ ಮಾಡುತ್ತದೆ, ಬೆಳಕನ್ನು ಲೆಕ್ಕಿಸುವುದಿಲ್ಲ. ಆಟ ನಿಂತರೆ ಬೆಳಕಿನ ಮೋಸ. ನಿಲ್ಲದಿದ್ದರೆ ದೀಪಕ್ಕೂ ಸೆನ್ಸರಿಗೂ ನಡುವೆ ಒಂದು ರಟ್ಟು ಹಿಡಿಯಿರಿ. ಈಗ ನಿಂತರೆ ಬಿಸಿಯದು. ಎರಡಕ್ಕೂ ಮದ್ದು ಒಂದೇ, ಇಬ್ಬರನ್ನೂ ದೂರ ಮಾಡುವುದು. ಸೆನ್ಸರನ್ನು ದೀಪದ ಕೆಳಗೆ, ಕನಿಷ್ಠ ಒಂದು ಮೀಟರ್ ಆಚೆ, ದೀಪದ ಕಡೆಗೆ ಬೆನ್ನು ಮಾಡಿ, ನೆಲದಿಂದ ಎರಡರಿಂದ ಮೂರು ಮೀಟರ್ ಎತ್ತರದಲ್ಲಿ ಇಡಿ. ಬರುವವರು ಸೆನ್ಸರಿನ ಎದುರಿನಿಂದ ನೇರವಾಗಿ ಬರುವುದಕ್ಕಿಂತ ಅಡ್ಡಲಾಗಿ ದಾಟುವಂತಿದ್ದರೆ ಅದು ಬೇಗ ಗುರುತಿಸುತ್ತದೆ. ಅದರೊಳಗೆ ಬಿಸಿ ಅರಿಯುವ ಎರಡು ಪಟ್ಟಿಗಳಿದ್ದು, ಬಿಸಿ ಒಂದರಿಂದ ಇನ್ನೊಂದಕ್ಕೆ ಸರಿದಾಗಲೇ ಅದಕ್ಕೆ ಚಲನೆ ಗೊತ್ತಾಗುವುದು. ಗಾಳಿಗೆ ಆಡುವ ಬಾಳೆ ಎಲೆ, ಇಳಿಬಿದ್ದ ದಾಸವಾಳದ ಟೊಂಗೆ ಎದುರಿಗಿದ್ದರೆ ಕತ್ತರಿಸಿ. ಬಿಸಿಲಿಗೆ ಕಾದ ಎಲೆ ಸಂಜೆಯಲ್ಲಿ ಅಲುಗಿದರೂ ಸಾಕು.

ಟಕಟಕ ಸದ್ದಿನ ಕಥೆ ಬೇರೆ, ನನಗೆ ಹೆಚ್ಚು ಇಷ್ಟವಾದ ದೋಷವೂ ಅದೇ, ಏಕೆಂದರೆ ಹೆಚ್ಚಿನವರು ಅದನ್ನು ರಿಲೇ ಹಾಳಾಗಿದೆ ಎಂದು ತಿಳಿಯುತ್ತಾರೆ. ರಿಲೇ ಹಾಳಾಗಿರುವುದಿಲ್ಲ, ಅದು ಹಸಿದಿರುತ್ತದೆ. ಈ ಸೆನ್ಸರುಗಳ ಒಳಗೆ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರ್ ಮೂಲಕವೇ 230 ವೋಲ್ಟಿನಿಂದ ಸ್ವಲ್ಪ ಕರೆಂಟನ್ನು ಇಳಿಸಿಕೊಂಡು, ಅದನ್ನು ನೇರ ಮಾಡಿ, 24 ವೋಲ್ಟಿನ ರಿಲೇ ಸುರುಳಿಗೆ ಕೊಡುತ್ತಾರೆ. ಆ ಕೆಪಾಸಿಟರ್ 0.68 ಮೈಕ್ರೊಫ್ಯಾರಡ್ ಇದ್ದರೆ ಹೆಚ್ಚೆಂದರೆ 49 ಮಿಲಿಆಂಪಿಯರ್ ದಾಟಬಹುದು, 0.33 ಇದ್ದರೆ ಅದರ ಅರ್ಧ. ಹೊಸತಿದ್ದಾಗ ಸಾಕಾಗುತ್ತದೆ. ಆದರೆ ಈ ಬಗೆಯ ಫಿಲ್ಮ್ ಕೆಪಾಸಿಟರಿಗೆ ಒಂದು ಗುಣವಿದೆ. ಲೈನಿನಲ್ಲಿ ಪೆಟ್ಟು ಬಂದು ಒಳಗಿನ ಪದರದಲ್ಲಿ ತೂತಾದರೆ, ತೂತಿನ ಸುತ್ತಲಿನ ಲೋಹದ ಲೇಪವನ್ನು ಸುಟ್ಟುಕೊಂಡು ತನ್ನನ್ನು ತಾನೇ ವಾಸಿ ಮಾಡಿಕೊಳ್ಳುತ್ತದೆ. ಪ್ರತಿ ಸಲ ವಾಸಿಯಾದಾಗಲೂ ಒಂದಿಷ್ಟು ಅಳತೆ ಕಳೆದುಕೊಳ್ಳುತ್ತದೆ. ಗುಡುಗು ಸಿಡಿಲಿನ ನಿಮ್ಮ ಕಡೆ ನಾಲ್ಕು ವರ್ಷವೆಂದರೆ ಅದಕ್ಕೆ ಸಾಕಷ್ಟು ಆಯುಸ್ಸು ಕಳೆದಂತೆ.

ಈಗ ಸಂಜೆ ಏಳಕ್ಕೆ ಬನ್ನಿ. ಊರಿನ ಎಲ್ಲ ಮನೆಗಳಲ್ಲಿ ದೀಪ, ಟಿವಿ, ಮಿಕ್ಸಿ, ಎಲ್ಲೋ ಒಂದು ಪಂಪು. ಲೈನಿನ ಕೊನೆಯ ಮನೆಯಲ್ಲಿ ವೋಲ್ಟೇಜು 180ಕ್ಕೆ ಇಳಿಯಬಹುದು. ಕೆಪಾಸಿಟರ್ ಮೂಲಕ ಬರುವ ಕರೆಂಟು ವೋಲ್ಟೇಜಿಗೆ ತಕ್ಕಂತೆ ಇಳಿಯುತ್ತದೆ. ಸೆನ್ಸರ್ ‘ಯಾರೋ ಬಂದರು’ ಎಂದು ರಿಲೇಗೆ ಹೇಳುತ್ತದೆ. ರಿಲೇ ಎಳೆದುಕೊಳ್ಳುತ್ತದೆ, ಎಳೆದ ಕೂಡಲೇ ಕೂಡಿಟ್ಟ ಕರೆಂಟು ಮುಗಿದು ಕೈಬಿಡುತ್ತದೆ. ಮತ್ತೆ ತುಂಬುತ್ತದೆ, ಮತ್ತೆ ಎಳೆಯುತ್ತದೆ. ಟಕಟಕಟಕ. ರಾತ್ರಿ ಹನ್ನೊಂದರ ಮೇಲೆ ಊರು ಮಲಗಿ ವೋಲ್ಟೇಜು ಏರಿದಾಗ ಸದ್ದು ತಾನಾಗಿ ನಿಲ್ಲುತ್ತಿದ್ದರೆ ರೋಗ ಇದೇ. ವೈರ್‌ಮನ್ ಮಧ್ಯಾಹ್ನ ಹನ್ನೆರಡಕ್ಕೆ ಬಂದು ‘ಎಲ್ಲ ಸರಿ ಇದೆಯಲ್ಲ’ ಎಂದು ಹೋಗುವುದೂ ಇದಕ್ಕೇ. ಅವರನ್ನು ಸಂಜೆ ಏಳಕ್ಕೆ ಕರೆದು, ಸೆನ್ಸರಿನ ಫೇಸ್ ಮತ್ತು ನ್ಯೂಟ್ರಲ್ ನಡುವೆ ವೋಲ್ಟೇಜು ನೋಡಿಸಿ, ಕಾಫಿ ಕೊಟ್ಟು ಕಳಿಸಿ. 200ರ ಮೇಲಿದ್ದೂ ಟಕಟಕ ಎನ್ನುತ್ತಿದ್ದರೆ ಒಳಗಿನ ಕೆಪಾಸಿಟರ್ ಮುದಿಯಾಗಿದೆ. ಬೆಸುಗೆ ಬಲ್ಲವರು ಅದೇ ಅಳತೆಯ, ಅದೇ ದರ್ಜೆಯದನ್ನು ಹಾಕಬಹುದು. ಇಲ್ಲದಿದ್ದರೆ ಸೆನ್ಸರನ್ನೇ ಬದಲಾಯಿಸಿ, ಈ ಒಂದು ಕಡೆ ಬದಲಾಯಿಸುವುದು ನ್ಯಾಯ. ಹಾಗೆಂದು ಟಕಟಕ ಎನ್ನುವ ರಿಲೇಯನ್ನು ತಿಂಗಳುಗಟ್ಟಲೆ ಬಿಡಬೇಡಿ. ಎಲ್‌ಇಡಿ ಫ್ಲಡ್‌ಲೈಟು ಹತ್ತುವ ಮೊದಲ ಕ್ಷಣದಲ್ಲಿ, ಸೆಕೆಂಡಿನ ಸಾವಿರದ ಒಂದು ಪಾಲಿಗೂ ಕಡಿಮೆ ಹೊತ್ತು, ಹತ್ತಾರು ಆಂಪಿಯರ್ ಎಳೆಯಬಹುದು. ಪ್ರತಿ ಟಕ್‌ಗೂ ಆ ಕಿಡಿ ಹಾರಿ ಕೊನೆಗೆ ರಿಲೇಯ ಎರಡು ತುಟಿಗಳು ಬೆಸೆದುಕೊಂಡು ದೀಪ ಆರುವುದೇ ಇಲ್ಲ. ಸೆನ್ಸರಿನ ಮೇಲೆ 1200 ವಾಟ್ ಎಂದು ಬರೆದಿದ್ದರೆ ಅದು ಬುರುಡೆ ಬಲ್ಬಿನ ಲೆಕ್ಕ. ಪಕ್ಕದಲ್ಲಿ ಎಲ್‌ಇಡಿಗೆ 300 ಎಂದೋ ಇನ್ನೂ ಕಡಿಮೆಯೋ ಸಣ್ಣ ಅಕ್ಷರದಲ್ಲಿ ಇರುತ್ತದೆ, ಕನ್ನಡಕ ಹಾಕಿಕೊಂಡು ಓದಿ.

ಮಳೆಗಾಲ ನಿಮ್ಮಲ್ಲಿ ಸಣ್ಣ ಅತಿಥಿಯಲ್ಲವಾದ್ದರಿಂದ ಗೇಟಿನ ಸೆನ್ಸರನ್ನು ಬಿಚ್ಚಿದಾಗ ಒಳಗೂ ನೋಡಿ. ಹಸಿರು ಬಣ್ಣಕ್ಕೆ ತಿರುಗಿದ ತಾಮ್ರ, ಇರುವೆ ಗೂಡು, ಅಡ್ಡ ಬಿದ್ದು ಸತ್ತ ಹಲ್ಲಿ, ಇವು ಮೂರೂ ನಾನು ಪೆಟ್ಟಿಗೆಗಳಲ್ಲಿ ಕಂಡವು. ಮಳೆ ಬಂದ ಮರುದಿನ ಮಾತ್ರ ಮಿಣುಕುವ ದೀಪದ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾಗಿಲ್ಲ, ನೀರು ಹೋಗಿದೆ. ಐಪಿ 65 ಎಂದು ಬರೆದಿರುವುದನ್ನು ಕೊಳ್ಳಿ. 6 ಎಂದರೆ ಧೂಳು ನುಗ್ಗದು, 5 ಎಂದರೆ ಪೈಪಿನಿಂದ ಚಿಮ್ಮಿದ ನೀರನ್ನೂ ತಡೆಯುತ್ತದೆ. ಆದರೆ ಆ ಅಂಕಿ ಇರುವುದು ಕಾರ್ಖಾನೆಯಿಂದ ಬಂದ ಪೆಟ್ಟಿಗೆಗೆ, ನೀವು ತಂತಿ ತೂರಿಸಲು ಕೊರೆದ ರಂಧ್ರಕ್ಕಲ್ಲ. ತಂತಿಯನ್ನು ಕೆಳಗಿನಿಂದ ಒಳಗೆ ತನ್ನಿ. ಒಳಹೋಗುವ ಮುನ್ನ ಒಂದು ಬಳುಕು ಕೊಟ್ಟು ಇಳಿಬಿಟ್ಟರೆ ನೀರು ಅಲ್ಲಿಂದಲೇ ತೊಟ್ಟಿಕ್ಕುತ್ತದೆ. ಸಿಲಿಕೋನ್ ಹಚ್ಚುವುದಾದರೆ ಮೇಲೆ ಮತ್ತು ಎರಡು ಬದಿಗೆ ಹಚ್ಚಿ, ಕೆಳಗೆ ಬಿಡಿ. ಒಳಗೆ ಕಟ್ಟಿದ ಹನಿಗೆ ಹೊರಗೆ ಹೋಗಲು ದಾರಿ ಬೇಕಲ್ಲ.

ಕರೆಂಟು ಹೋದಾಗಿನ ವರ್ತನೆಯನ್ನು ನೀವು ಬರೆದಿಲ್ಲ. ಇನ್ವರ್ಟರ್ ಇದ್ದರೆ ಇದಿಷ್ಟು ತಿಳಿದಿರಲಿ. ಲೈನಿನಿಂದ ಇನ್ವರ್ಟರಿಗೆ ಬದಲಾದಾಗ ಸೆನ್ಸರ್ ಹೊಸದಾಗಿ ಹುಟ್ಟಿದಂತಾಗಿ ಅರ್ಧ ನಿಮಿಷದಿಂದ ಒಂದು ನಿಮಿಷ ದೀಪ ಹತ್ತಿಸಿ ಕೂರುವುದು ಸಹಜ, ಅದು ದೋಷವಲ್ಲ. ಹಳೆಯ ಸ್ಕ್ವೇರ್‌ವೇವ್ ಇನ್ವರ್ಟರಿನಲ್ಲಿ ಈ ಕೆಪಾಸಿಟರ್ ಆಧಾರದ ಸೆನ್ಸರುಗಳು ಗುಂಯ್ ಎನ್ನುತ್ತವೆ, ತಪ್ಪಾಗಿ ನಡೆದುಕೊಳ್ಳುತ್ತವೆ. ಅವುಗಳಿಗೆ ಸೈನ್‌ವೇವ್ ಬೇಕು.

ದೀಪ ಹತ್ತಿರುವಾಗಲೇ ನಡುಗುವುದು ಇನ್ನೊಂದು ಬಗೆ. ನಿಮಗೆ ಆ ತೊಂದರೆ ಇಲ್ಲವಾದರೂ ಓದುವ ಇತರರಿಗೆ ಎರಡು ಮಾತು. ಹತ್ತಿ ಐದು ನಿಮಿಷವಾದ ಮೇಲೆ ಆರಿ, ತಣ್ಣಗಾದ ಮೇಲೆ ತಾನೇ ಹತ್ತುವ ಬಲ್ಬಿನಲ್ಲಿ ಯಾವುದೋ ಒಂದು ಎಲ್‌ಇಡಿ ಚುಕ್ಕೆಯ ಬೆಸುಗೆ ಬಿಟ್ಟಿದೆ. ಬಿಸಿಗೆ ಹಿಗ್ಗಿ ಬಿಡುತ್ತದೆ, ತಂಪಿಗೆ ಕೂಡುತ್ತದೆ. ಇಲ್ಲಿ ಮಾತ್ರ ಬಲ್ಬು ಅಪರಾಧಿ. ಮನೆಯೊಳಗೂ ದೀಪಗಳು ಒಂದು ಕೋಣೆಯಲ್ಲಿ ಮಂಕಾಗಿ ಇನ್ನೊಂದರಲ್ಲಿ ಕಣ್ಣು ಕುಕ್ಕುವಂತೆ ಉರಿಯುತ್ತಿದ್ದರೆ, ಸೆನ್ಸರ್ ವಿಷಯ ಬಿಟ್ಟು ಮೊದಲು ಮೇನ್ ಸ್ವಿಚ್ ಆರಿಸಿ. ನ್ಯೂಟ್ರಲ್ ಸಡಿಲವಾಗಿದೆ. ಮೂರು ಫೇಸ್ ಇರುವ ಮನೆಯಲ್ಲಿ ಅದು ಪೂರ್ತಿ ಕಳಚಿದರೆ 230ರ ಜಾಗದಲ್ಲಿ 400ರ ಸಮೀಪದ ವೋಲ್ಟೇಜು ಫ್ರಿಜ್ಜಿಗೆ, ಟಿವಿಗೆ ಬರುತ್ತದೆ. ಲೈನ್‌ಮನ್ ಬಂದು ಸರಿಪಡಿಸುವ ತನಕ ಏನನ್ನೂ ಹಾಕಬೇಡಿ. ಮೂರು ಫೇಸ್ ಇರುವವರು ಇನ್ನೊಂದನ್ನೂ ನೆನಪಿಡಬೇಕು. ಒಂದೇ ದೀಪಕ್ಕೆ ಎರಡು ಸೆನ್ಸರ್ ಜೋಡಿಸುವುದಾದರೆ ಎರಡೂ ಒಂದೇ ಫೇಸಿನಲ್ಲಿರಲಿ. ಬೇರೆ ಬೇರೆ ಫೇಸಿನಲ್ಲಿದ್ದರೆ ಎರಡೂ ಒಟ್ಟಿಗೆ ಯಾರನ್ನಾದರೂ ಕಂಡ ದಿನ ದೊಡ್ಡ ಶಾರ್ಟ್ ಆಗುತ್ತದೆ.

ಇವುಗಳಲ್ಲಿ ತಿರುಪು ತಿರುಗಿಸುವುದು, ರಟ್ಟು ಹಿಡಿಯುವುದು, ಟೊಂಗೆ ಕತ್ತರಿಸುವುದು ನಿಮ್ಮ ಕೆಲಸ. ತಂತಿ ಬಿಚ್ಚುವುದು, ಅಳೆಯುವುದು, ಸೆನ್ಸರ್ ಜಾಗ ಬದಲಿಸುವುದು ಪರವಾನಗಿಯುಳ್ಳ ವೈರ್‌ಮನ್‌ಗೆ ಬಿಡಿ. ಹೊರಗಿನ ದೀಪಗಳ ಸಾಲಿಗೆ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ, ಅಂದರೆ ಕರೆಂಟು ನೆಲಕ್ಕೆ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್, ಇಲ್ಲದಿದ್ದರೆ ಅವರು ಬಂದಾಗಲೇ ಹಾಕಿಸಿ. ಒದ್ದೆ ನೆಲದಲ್ಲಿ ಬರಿಗಾಲಿನಲ್ಲಿ ಕೊಟ್ಟಿಗೆಗೆ ಹೋಗುವವರಿರುವ ಮನೆಯದು.

ವೈರ್‌ಮನ್ ಸಿಗುವುದು ಮುಂದಿನ ವಾರವಾದರೆ ಅಲ್ಲಿಯವರೆಗೆ ಅಮ್ಮನಿಗಾಗಿ ಒಂದು ಕೆಲಸ ಮಾಡಿ. ದೇವರ ಮನೆಯಲ್ಲೋ ಮಲಗುವ ಕೋಣೆಯಲ್ಲೋ ಹಳೆಯ ಝೀರೋ ಬಲ್ಬು ಒಂದು ಇದ್ದೀತು. ಹೆಸರು ಝೀರೋ ಆದರೂ ತಂತು ಇರುವ ಆ ಬಲ್ಬು ಸುಮಾರು 15 ವಾಟ್ ತಿನ್ನುತ್ತದೆ. ಎಲ್‌ಇಡಿಯ ಝೀರೋ ಬಲ್ಬು ಆಗುವುದಿಲ್ಲ, ಒಳಗೆ ತಂತು ಕಾಣುವಂಥದ್ದೇ ಬೇಕು. ಮೇನ್ ಆರಿಸಿ, ಕೊಟ್ಟಿಗೆ ದಾರಿಯ ಮೂರು ಹೋಲ್ಡರುಗಳಲ್ಲಿ ಮಳೆ ನೀರು ತಾಗದ, ಸೂರಿನ ಕೆಳಗಿನ ಒಂದಕ್ಕೆ ಎಲ್‌ಇಡಿ ತೆಗೆದು ಅದನ್ನು ಹಾಕಿ. ಸೆನ್ಸರ್ ನುಸುಳಿಸುವ ಕರೆಂಟೆಲ್ಲ ಅದರ ತಂತುವಿನ ಮೂಲಕ ಸದ್ದಿಲ್ಲದೆ ಹರಿದುಹೋಗುತ್ತದೆ. ಉಳಿದೆರಡು ಬಲ್ಬುಗಳು ಇಂದು ರಾತ್ರಿಯೇ ಸುಮ್ಮನಾಗಬೇಕು. ಆಗದಿದ್ದರೆ ಎಷ್ಟು ಸೆಕೆಂಡಿಗೊಮ್ಮೆ ಮಿಣುಕಿದವು ಎಂದು ಎಣಿಸಿ ಮತ್ತೆ ಬರೆಯಿರಿ.